ಕಾರಿನ ಹೀಟರ್ ಸೋರಿದರೆ ಬಿತ್ತನೆಯ ಹದವೂ ತಪ್ಪೀತು!

ಹೋದ ಮುಂಗಾರಿನಲ್ಲಿ ಆರಿದ್ರಾ ಮಳೆ ನಮ್ಮ ಕಡೆ ಚೆನ್ನಾಗಿ ಬಿತ್ತು. ನೆಲ ಹದಕ್ಕೆ ಬಂದಿತ್ತು. ಶೇಂಗಾ ಬೀಜ ತರಲು ನನ್ನ ಹಳೇ ಕಾರಿನಲ್ಲಿ ಚಳ್ಳಕೆರೆಗೆ ಹೋದೆ. ಬೀಜದ ಚೀಲ ಹಾಕಿಕೊಂಡು ವಾಪಸು ಬರುವಾಗ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಗೆ ಏರಿಬಿಟ್ಟಿತು. ಗಾಡಿ ಅಲ್ಲೇ ನಿಲ್ಲಿಸಿದೆ. ಬೀಜ ಮನೆ ಸೇರಿದ್ದು ಮಾರನೇ ದಿನ ಸಂಜೆ. ಅಷ್ಟರಲ್ಲಿ ಗಾಳಿಗೆ ಮೇಲ್ಮಣ್ಣು ಆರಿ, ಎರಡು ಎಕರೆ ಬಿತ್ತನೆ ನಿಂತೇಹೋಯಿತು. ಮಳೆಯಾಶ್ರಿತ ರೈತರಿಗೆ ಹದ ತಪ್ಪುವುದು ಅಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಪೇಟೆಯ ಮೆಕ್ಯಾನಿಕ್ ನೋಡಿ, "ಹೀಟರ್ ಸೋರ್ತಾ ಐತೆ ಯಜಮಾನ್ರೆ. ಡ್ಯಾಶ್‌ಬೋರ್ಡ್ ಪೂರಾ ಬಿಚ್ಚಬೇಕು. ಏಳು ಸಾವಿರ ಆಗ್ತದೆ, ನಾಲ್ಕು ದಿನ ಗಾಡಿ ಬಿಡಿ" ಅಂದ. ನಮ್ಮ ಬಿಸಿಲಿಗೆ ಹೀಟರ್ ಯಾರಿಗೆ ಬೇಕು, ಸೋರಿದರೆ ಸೋರಲಿ ಅಂದುಕೊಂಡಿದ್ದೆ. ನಾನು ತಪ್ಪಿದ್ದೇ ಇಲ್ಲಿ.

ಹೀಟರ್ ಅಂದರೆ ಏನು?

ಕಾರಿನ ಹೀಟರ್ ಕರೆಂಟಿನ ಒಲೆಯಲ್ಲ. ಅದೊಂದು ಪುಟ್ಟ ರೇಡಿಯೇಟರ್. ಇಂಜಿನ್ನಿನ ಬಿಸಿನೀರು ಎರಡು ರಬ್ಬರ್ ಪೈಪುಗಳ ಮೂಲಕ ಡ್ಯಾಶ್‌ಬೋರ್ಡ್ ಹಿಂದೆ ಬಂದು ಸುತ್ತಿ ಮತ್ತೆ ಇಂಜಿನ್ನಿಗೇ ಹೋಗುತ್ತದೆ. ಅದರ ಮೇಲೆ ಫ್ಯಾನಿನ ಗಾಳಿ ಹಾಯ್ದಾಗ ಬಿಸಿಗಾಳಿ ಬರುತ್ತದೆ. ಹಾಗಾಗಿ ನೀವು ಹೀಟರ್ ಹಾಕದಿದ್ದರೂ ಅದು ಸೋರಿದರೆ ಇಂಜಿನ್ನಿನ ನೀರೇ ಖಾಲಿ. ಬಾವಿ ತುಂಬಿದ್ದರೂ ಕಾಲುವೆ ಒಡೆದರೆ ಹೊಲಕ್ಕೆ ನೀರುಂಟೇ?

ಸೋರಿಕೆಯ ಗುರುತು

ಕೂಲೆಂಟ್ ಬಾಟಲಿಯ ಮಟ್ಟ ಇಳಿಯುತ್ತಾ ಹೋಗುತ್ತದೆ, ಆದರೆ ಗಾಡಿ ಕೆಳಗೆ ಹನಿ ಕಾಣುವುದಿಲ್ಲ. ಎಡಗಡೆ ಸೀಟಿನವರ ಕಾಲ ಕೆಳಗಿನ ಚಾಪೆ ಒದ್ದೆ. ಮುಟ್ಟಿದರೆ ಅಂಟು, ಮೂಸಿದರೆ ಸಿಹಿ ವಾಸನೆ. ಗಾಜಿನ ಒಳಗಡೆ ಜಿಡ್ಡಿನ ಮಂಜು. ಎ.ಸಿ. ನೀರಾದರೆ ಅಂಟೂ ಇಲ್ಲ, ವಾಸನೆಯೂ ಇಲ್ಲ. ನನ್ನ ಹೆಂಡತಿ "ಏನ್ರೀ, ಕಾಲಡಿ ಏನೋ ಅಂಟ್ತದೆ" ಅಂತ ತಿಂಗಳ ಹಿಂದೆಯೇ ಹೇಳಿದ್ದಳು. ನಾನು ಬೆಲ್ಲ ಚೆಲ್ಲಿರಬೇಕು ಅಂದಿದ್ದೆ!

ಮೊದಲು ತಾತ್ಕಾಲಿಕ ಉಪಾಯ

ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಹೀಟರಿಗೆ ಹೋಗುವ ಎರಡೂ ಪೈಪು ಕಳಚಿ, ಒಂದಕ್ಕೊಂದು ಜೋಡಿಸಿದರೆ ನೀರು ಹೀಟರಿಗೆ ಹೋಗದೆ ವಾಪಸಾಗುತ್ತದೆ. ನಾನು ಮನೆಯಲ್ಲಿದ್ದ ಡ್ರಿಪ್ ಜಾಯಿನರ್ ಹಾಕಿದೆ. ಐದಾರು ಕಿಲೋಮೀಟರಿಗೆ ಬಿಸಿಗೆ ಮೆತ್ತಗಾಗಿ ಕಳಚಿಕೊಂಡಿತು. ಮುಳ್ಳಿನ ಮೇಲೆ ಕಣ್ಣಿಟ್ಟಿದ್ದರಿಂದ ಇಂಜಿನ್ ಉಳಿಯಿತು. ಆಮೇಲೆ ಲೋಹದ ತುಂಡು ಪೈಪು, ಎರಡು ಕ್ಲ್ಯಾಂಪು ಹಾಕಿದೆ. ಒಂದು ವಾರ ಬಾಟಲಿಯ ಮಟ್ಟ ಇಳಿಯಲಿಲ್ಲ. ಕಳ್ಳ ಹೀಟರೇ ಎಂದು ಖಾತ್ರಿಯಾಯಿತು.

ಬಿಚ್ಚಿದ ರೀತಿ

ಬಿತ್ತನೆ ಮುಗಿದ ಮೇಲೆ ಅಕ್ಕನ ಮಗನನ್ನು ಕರೆದುಕೊಂಡು ಕೂತೆ. ಮೊದಲು ಬ್ಯಾಟರಿ ವೈರ್ ಕಳಚಿದೆವು. ಹೀಟರಿನ ಒಂದು ಬಾಯಿಗೆ ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಬಿಟ್ಟು, ಇನ್ನೊಂದು ಬಾಯಿಯಿಂದ ಬಂದ ನೀರನ್ನು ಬೋಗುಣಿಗೆ ಹಿಡಿದೆವು. ಹೀಗೆ ಮಾಡಿದರೆ ಬಿಚ್ಚುವಾಗ ಒಳಗೆ ಚೆಲ್ಲುವುದಿಲ್ಲ. ನನ್ನ ಗಾಡಿಯಲ್ಲಿ ಪೂರಾ ಡ್ಯಾಶ್‌ಬೋರ್ಡ್ ಬಿಚ್ಚಬೇಕಾಗಲಿಲ್ಲ. ಎಡಗಡೆ ಸಾಮಾನಿಡುವ ಗೂಡು, ಕೆಳಗಿನ ತಟ್ಟೆ, ಹೀಟರ್ ಡಬ್ಬಿಯ ಮುಚ್ಚಳ ತೆಗೆದರೆ ಸಾಕಾಯಿತು. ಎಲ್ಲಾ ಗಾಡಿಗೂ ಇದು ಹೊಂದದು. ಸ್ಕ್ರೂ ಬಿಚ್ಚಿದಂತೆಲ್ಲ ರಟ್ಟಿನ ಮೇಲೆ ಚಿತ್ರ ಬರೆದು, ಅದದೇ ಜಾಗಕ್ಕೆ ಚುಚ್ಚಿಟ್ಟೆವು. ಒಂದೂ ಹೆಚ್ಚಾಗಲಿಲ್ಲ, ಒಂದೂ ಕಡಿಮೆಯಾಗಲಿಲ್ಲ.

ಹೊರಗೆ ತೆಗೆದ ಹೀಟರನ್ನು ಪಂಕ್ಚರ್ ನೋಡಿದ ಹಾಗೆ ನೋಡಿದೆವು. ಒಂದು ಬಾಯಿ ಮುಚ್ಚಿ, ಬಕೆಟ್ ನೀರಲ್ಲಿ ಮುಳುಗಿಸಿ, ಪಂಪಿನಿಂದ ಹಗುರಕ್ಕೆ ಗಾಳಿ ಬಿಟ್ಟಾಗ ಮೂಲೆಯ ಬೆಸುಗೆಯಿಂದ ಗುಳ್ಳೆ ಬಂತು. ಜೋರಾಗಿ ಒತ್ತಬೇಡಿ, ಚೆನ್ನಾಗಿರುವುದೂ ಒಡೆದೀತು. ನನ್ನದು ಹಿತ್ತಾಳೆಯದ್ದಾದ್ದರಿಂದ ರೇಡಿಯೇಟರ್ ಅಂಗಡಿಯಲ್ಲಿ ಬೆಸುಗೆ ಹಾಕಿಕೊಟ್ಟರು. ಅಲ್ಯೂಮಿನಿಯಂ ಆಗಿದ್ದರೆ ಹೊಸದು ಹಾಕುವುದೇ ಲೇಸು.

ಒಳಗಿನ ಸಣ್ಣ ಕೊಳವೆಗಳಲ್ಲಿ ಬಿಳಿ ಸುಣ್ಣ ಕಟ್ಟಿತ್ತು. ಡ್ರಿಪ್ಪರ್ ಕಟ್ಟುವುದೂ ಇದೇ ಸುಣ್ಣದಿಂದ. ವರ್ಷಗಟ್ಟಲೆ ಬೋರಿನ ಗಡಸು ನೀರು ಸುರಿದಿದ್ದು ನಾನೇ. ಕೂಲೆಂಟ್ ಇಲ್ಲದ ನೀರಿನಿಂದ ತುಕ್ಕೂ ಹಿಡಿಯುತ್ತದೆ.

ನೀರು ತುಂಬುವಾಗ

ಪೈಪು, ಕ್ಲ್ಯಾಂಪು ಹೊಸದು ಹಾಕಿ, ಅರ್ಧ ಕೂಲೆಂಟ್, ಅರ್ಧ ಬ್ಯಾಟರಿಗೆ ಹಾಕುವ ಶುದ್ಧ ನೀರು ಬೆರೆಸಿ ನಿಧಾನಕ್ಕೆ ಸುರಿದೆವು. ಹೀಟರ್ ಹಿಡಿಕೆ ಬಿಸಿಯ ಕಡೆಗಿರಲಿ. ಗಾಡಿಯ ಮೂತಿ ಏರಿನಲ್ಲಿರಲಿ, ಗಾಳಿ ಹೊರಹೋಗಲು ಸುಲಭ. ತಣ್ಣಗಿರುವಾಗಲೇ ಮುಚ್ಚಳ ತೆಗೆದಿಟ್ಟು ಇಂಜಿನ್ ನಿಧಾನ ಓಡಿಸಿದರೆ ಗುಳ್ಳೆ ಬಂದು ಮಟ್ಟ ಇಳಿಯುತ್ತದೆ, ಮತ್ತೆ ತುಂಬಬೇಕು. ಎರಡೂ ಪೈಪು ಬಿಸಿಯಾದರೆ ನೀರು ಸುತ್ತುತ್ತಿದೆ ಎಂದರ್ಥ. ಮಾರನೇ ಬೆಳಿಗ್ಗೆ ತಣ್ಣಗಿರುವಾಗ ಮಟ್ಟ ಇನ್ನೊಮ್ಮೆ ನೋಡಿ.

ಎಚ್ಚರಿಕೆ

ಬಿಸಿ ಇಂಜಿನ್ನಿನ ಮುಚ್ಚಳ ಎಂದೂ ತೆಗೆಯಬೇಡಿ, ಮುಖಕ್ಕೆ ಚಿಮ್ಮುತ್ತದೆ. ಕೂಲೆಂಟ್ ಸಿಹಿ, ಆದರೆ ವಿಷ. ನಾಯಿ, ಕರು ನೆಕ್ಕದಂತೆ ಚೆಲ್ಲಿದ್ದನ್ನು ಅಲ್ಲೇ ಒರೆಸಿ. ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗ್ ಇದ್ದರೆ, ಎ.ಸಿ. ಗ್ಯಾಸ್ ಪೈಪು ಅಡ್ಡ ಬಂದರೆ ಕೈಹಾಕಬೇಡಿ, ತಿಳಿದವರಿಗೇ ಬಿಡಿ.

ಖರ್ಚು: ಬೆಸುಗೆ 400 ರೂ., ಪೈಪು ಮತ್ತು ಕ್ಲ್ಯಾಂಪು 300 ರೂ., ಕೂಲೆಂಟ್ ಮತ್ತು ನೀರು 450 ರೂ. ಒಟ್ಟು 1,150 ರೂ. ಜೊತೆಗೆ ನಮ್ಮಿಬ್ಬರ ಎರಡು ದಿನದ ದುಡಿಮೆ.

ಈಗ ಗಾಡಿ ಹೊರಡಿಸುವ ಮೊದಲು ಬಾಟಲಿ ನೋಡುವುದು ಅಭ್ಯಾಸವಾಗಿದೆ. ಈ ಮುಂಗಾರಿನಲ್ಲಿ ಮಳೆ ಬಿದ್ದ ಮಾರನೇ ದಿನವೇ ಬೀಜ ಹೊಲ ಸೇರಿತು. ಆದರೆ ಹೋದ ವರ್ಷದ ಆ ಎರಡು ಎಕರೆಯ ಬೆಳೆಯನ್ನು ಯಾವ ಬೆಸುಗೆಯೂ ವಾಪಸು ಕೊಡಲಿಲ್ಲ.