ಕ್ಷ-ಕಿರಣದ ಕೋಣೆಯಲ್ಲಿ ಎರಡು ವರ್ಷ

ಬಿದ್ದು ಕೈ ಮುರಿದುಕೊಂಡವರಿಗೆಲ್ಲ ಆಸ್ಪತ್ರೆಯ ಕ್ಷ-ಕಿರಣ ಕೋಣೆಯ ಪರಿಚಯವಿರುತ್ತದೆ. ನೋಯುವ ಕೈಯನ್ನು ಮೇಜಿನ ಮೇಲೆ ಇಡಿಸಿ, ಹಾಗಲ್ಲ ಹೀಗೆ ಎಂದು ತಿರುಗಿಸಿ, ತಾನು ಮರೆಗೆ ಸರಿದು ಗುಂಡಿಯನ್ನು ಒತ್ತುವ ಒಬ್ಬ ವ್ಯಕ್ತಿ ಅಲ್ಲಿರುತ್ತಾನೆ. ಇಷ್ಟಕ್ಕೆ ಎಷ್ಟು ಓದು ಬೇಕು ಎಂದು ವಿದ್ಯಾರ್ಥಿಯೊಬ್ಬನು ನಮ್ಮನ್ನು ಕೇಳಿದನು. ಅಮೆರಿಕದಲ್ಲಿರುವ ಅವನ ಅಣ್ಣ, ಅಲ್ಲಿ ಎರಡು ವರ್ಷದ ಪದವಿ ಪಡೆದರೆ ರೇಡಿಯಾಲಜಿಸ್ಟರ ಸಹಾಯಕನಾಗಬಹುದೆಂದು ತಿಳಿಸಿದ್ದನಂತೆ. ಈ ಮಾತಿನಲ್ಲಿ ಅರ್ಧ ನಿಜವುಂಟು. ಉಳಿದರ್ಧವನ್ನು ತಿಳಿಯದೆ ಹೊರಟವನು ಎರಡು ವರ್ಷ ಕಳೆದ ಮೇಲೆ ಪೇಚಿಗೆ ಸಿಕ್ಕುವನು.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಹನ್ನೆರಡು ವರ್ಷಗಳ ಶಾಲಾಶಿಕ್ಷಣದ ನಂತರ ನಾಲ್ಕು ವರ್ಷ ಓದಿದರೆ ಸ್ನಾತಕ ಪದವಿ. ಅದರ ಅರ್ಧದಷ್ಟು ಓದಿಗೆ ‘ಅಸೋಸಿಯೇಟ್’ ಪದವಿಯೆಂದು ಹೆಸರು. ಈ ಹೆಸರಿನ ಪದವಿ ನಮ್ಮಲ್ಲಿಲ್ಲ. ನಮ್ಮ ಡಿಪ್ಲೊಮಾವನ್ನು ನೆನೆದರೆ ಸಮೀಪದ ಕಲ್ಪನೆ ಬಂದೀತು. ಕ್ಷ-ಕಿರಣ ಚಿತ್ರಣದಲ್ಲಿ ಈ ಪದವಿಯನ್ನು ಕೊಡುವ ಕಮ್ಯೂನಿಟಿ ಕಾಲೇಜುಗಳು ಅಲ್ಲಿ ಅನೇಕ. ಅಂಗರಚನಾಶಾಸ್ತ್ರ, ರೋಗಿಯ ಆರೈಕೆ, ವಿಕಿರಣದ ಭೌತಶಾಸ್ತ್ರ, ವಿಕಿರಣವು ಜೀವಕೋಶಗಳಲ್ಲಿ ಮಾಡುವ ಕಾರ್ಯ ಇವು ಪಾಠಗಳು. ಇವುಗಳೊಡನೆ ಆಸ್ಪತ್ರೆಯಲ್ಲಿ ನಿಜವಾದ ರೋಗಿಗಳ ನಡುವೆ ಅಭ್ಯಾಸ. ಇದಾದ ಮೇಲೆ 1922ರಲ್ಲಿ ಆರಂಭವಾದ ರಾಷ್ಟ್ರೀಯ ರಿಜಿಸ್ಟ್ರಿಯ ಪರೀಕ್ಷೆ. 2015ರಿಂದ ಆ ಪರೀಕ್ಷೆಗೆ ಕೂರುವವನಲ್ಲಿ ಕನಿಷ್ಠ ಅಸೋಸಿಯೇಟ್ ಪದವಿ ಇರಲೇಬೇಕು.

ಭೌತಶಾಸ್ತ್ರವನ್ನು ಕಲಿಸುವ ನಮಗೆ ಈ ಪಾಠಕ್ರಮದಲ್ಲಿ ಎಲ್ಲಕ್ಕಿಂತ ಸ್ವಾರಸ್ಯವಾಗಿ ಕಾಣುವುದು, ಗುಂಡಿಯನ್ನು ಒತ್ತುವುದಕ್ಕೆ ಮೊದಲು ಮಾಡಬೇಕಾದ ನಿರ್ಣಯ. ನಳಿಗೆಯೊಳಗೆ ಎಲೆಕ್ಟ್ರಾನುಗಳು ಟಂಗ್‌ಸ್ಟನ್ ಫಲಕವನ್ನು ರಭಸದಿಂದ ತಾಗುತ್ತವೆ. ಅವುಗಳ ಶಕ್ತಿಯಲ್ಲಿ ಶೇಕಡಾ 1ರಷ್ಟು ಮಾತ್ರ ಕ್ಷ-ಕಿರಣವಾಗುತ್ತದೆ, ಮಿಕ್ಕದ್ದೆಲ್ಲ ಶಾಖ. ಎಲೆಕ್ಟ್ರಾನುಗಳನ್ನು ಎಷ್ಟು ವೋಲ್ಟೇಜಿನಿಂದ ಓಡಿಸಬೇಕು, ಎಷ್ಟು ಹೊತ್ತು, ಎಷ್ಟು ವಿದ್ಯುತ್ಪ್ರವಾಹದಿಂದ ಎಂಬುದನ್ನು ತಿಳಿದು ಆರಿಸಬೇಕು. ಎಲುಬಿನಲ್ಲಿರುವ ಕ್ಯಾಲ್ಸಿಯಮ್ಮಿನ ಪರಮಾಣು ಸಂಖ್ಯೆ 20. ಮಾಂಸದಲ್ಲಿ ಹೇರಳವಾಗಿರುವ ಆಮ್ಲಜನಕದ್ದು 8. ಕಡಿಮೆ ಶಕ್ತಿಯ ಕಿರಣಗಳನ್ನು ಪರಮಾಣುಗಳು ಹೀರುವ ಪ್ರಮಾಣವು ಈ ಸಂಖ್ಯೆಯ ಘನಕ್ಕೆ ಅನುಗುಣವಾಗಿ ಏರುವುದರಿಂದಲೇ ಚಿತ್ರದಲ್ಲಿ ಎಲುಬು ಬೆಳ್ಳಗೆ ಎದ್ದು ಕಾಣುವುದು. ಆದ್ದರಿಂದ ಅಂಗೈಗೆ 50–60 ಕಿಲೋವೋಲ್ಟು ಸಾಕು. ಎದೆಯ ಚಿತ್ರಕ್ಕೆ 110ಕ್ಕೂ ಹೆಚ್ಚು ಬೇಕು. ಅಲ್ಲಿ ಪಕ್ಕೆಲುಬು ಎದ್ದು ಕಾಣದೆ, ಅದರ ಹಿಂದಿರುವ ಶ್ವಾಸಕೋಶ ಕಾಣಬೇಕಷ್ಟೆ.

ಯಂತ್ರವೇ ಎಲ್ಲವನ್ನೂ ಆರಿಸಿಕೊಳ್ಳುವ ಈ ಕಾಲದಲ್ಲಿ ಇದೆಲ್ಲ ಏಕೆಂದು ವಾಚಕರು ಕೇಳಬಹುದು. ಹಿಂದೆ ಫಿಲ್ಮ್ ಬಳಕೆಯಲ್ಲಿದ್ದಾಗ ತಪ್ಪು ತಾನಾಗಿಯೇ ಬಯಲಾಗುತ್ತಿತ್ತು. ಕಿರಣ ಹೆಚ್ಚಾದರೆ ಚಿತ್ರ ಕಪ್ಪಾಗುತ್ತಿತ್ತು, ಕಡಿಮೆಯಾದರೆ ತೆಳುವಾಗುತ್ತಿತ್ತು. ಇಂದು ಫಿಲ್ಮಿನ ಸ್ಥಾನದಲ್ಲಿ ಡಿಜಿಟಲ್ ಗ್ರಾಹಕವಿದೆ. ಕಿರಣ ಎಷ್ಟೇ ಬೀಳಲಿ, ಗಣಕವು ಬೆಳಕನ್ನು ಹೊಂದಿಸಿ ನೋಡಲು ಸೊಗಸಾದ ಚಿತ್ರವನ್ನೇ ಕೊಡುತ್ತದೆ. ಕಿರಣ ತೀರ ಕಡಿಮೆಯಾದರೆ ಮಾತ್ರ ಚಿತ್ರ ಮರಳು ಚೆಲ್ಲಿದಂತೆ ಒರಟಾಗುವುದು. ಆಗ ವೈದ್ಯರಿಂದ ಆಕ್ಷೇಪ ಬರುವುದು. ಬೇಕಾದುದಕ್ಕಿಂತ ಎರಡರಷ್ಟು ಬಿದ್ದರೆ ಚಿತ್ರ ಇನ್ನಷ್ಟು ನುಣುಪು, ಯಾರೂ ಚಕಾರವೆತ್ತುವುದಿಲ್ಲ. ಹೀಗಾಗಿ ಒಳ್ಳೆಯ ಕೆಲಸಗಾರನ ಕೈಯಲ್ಲಿಯೂ ವಿಕಿರಣದ ಪ್ರಮಾಣವು ಸದ್ದಿಲ್ಲದೆ ಮೇಲಕ್ಕೆ ಜಾರುವ ಸಂಭವವುಂಟು. ಅದನ್ನು ಪಡೆಯುವವನು ಏನೂ ಅರಿಯದೆ ಮೇಜಿನ ಮೇಲೆ ಮಲಗಿರುವ ರೋಗಿ. ಚಿತ್ರದ ಅಂದವನ್ನು ನಂಬದೆ, ಗ್ರಾಹಕವು ತೋರಿಸುವ ಅಂಕಿಯನ್ನು ಓದಿ ಅರ್ಥಮಾಡಿಕೊಳ್ಳುವವನು ಕಿರಣದ ನಡತೆಯನ್ನು ಬಲ್ಲವನೇ ಆಗಿರಬೇಕು.

ಈ ಎಚ್ಚರಕ್ಕೆ ತೆತ್ತ ಬೆಲೆ ದೊಡ್ಡದು. ರಾಂಟ್‌ಜನ್ನನು 1895ರಲ್ಲಿ ಕ್ಷ-ಕಿರಣಗಳನ್ನು ಕಂಡುಹಿಡಿದ ಸ್ವಲ್ಪ ಕಾಲದಲ್ಲಿಯೇ ಎಡಿಸನ್ನನ ಪ್ರಯೋಗಶಾಲೆಯಲ್ಲಿ ಕ್ಲಾರೆನ್ಸ್ ಡ್ಯಾಲಿ ಎಂಬವನು ನಳಿಗೆಗಳನ್ನು ಪರೀಕ್ಷಿಸಲು ತನ್ನ ಕೈಯನ್ನೇ ಕಿರಣಗಳಿಗೆ ಒಡ್ಡುತ್ತಿದ್ದನು. ಕೈಗಳು ಸುಟ್ಟು ವ್ರಣವಾದವು. ಕತ್ತರಿಸಿದರೂ ರೋಗ ನಿಲ್ಲಲಿಲ್ಲ. 1904ರಲ್ಲಿ ಅವನು ತೀರಿಕೊಂಡನು. ಎಡಿಸನ್ನನು ಆ ಕೆಲಸವನ್ನೇ ಕೈಬಿಟ್ಟನು. ಇಂದು ಮರೆಗೆ ಸರಿದು ನಿಲ್ಲುವವನು ಅಂಜುಬುರುಕನಲ್ಲ. ಅವನು ದಿನಕ್ಕೆ ಹತ್ತಾರು ಬಾರಿ ಆ ಕೋಣೆಯಲ್ಲಿರಬೇಕಾದವನು. ಕಿರಣದ ಬಲವು ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುವುದರಿಂದ, ಒಂದು ಮೀಟರಿನಿಂದ ಎರಡು ಮೀಟರಿಗೆ ಸರಿದವನಿಗೆ ಬೀಳುವುದು ಕಾಲುಭಾಗ.

ಇನ್ನು ಆ ಅಣ್ಣನ ಮಾತಿನ ಉಳಿದರ್ಧ. ಈ ಎರಡು ವರ್ಷದ ವಿದ್ಯೆ ಮುಗಿಸಿ ಪರೀಕ್ಷೆಯಲ್ಲಿ ಗೆದ್ದವನು ಕ್ಷ-ಕಿರಣ ತಂತ್ರಜ್ಞನಾಗುವನೇ ಹೊರತು ರೇಡಿಯಾಲಜಿಸ್ಟರ ಸಹಾಯಕನಾಗುವುದಿಲ್ಲ. ಹೆಸರುಗಳು ಒಂದರಂತೊಂದು ಕೇಳಿಸುವುದರಿಂದ ಗೊಂದಲ. ರೇಡಿಯಾಲಜಿಸ್ಟ್ ಅಸಿಸ್ಟೆಂಟ್ ಎಂಬ ಸ್ಥಾನವನ್ನು ಅಮೆರಿಕದ ರೇಡಿಯಾಲಜಿ ವೈದ್ಯರ ಮತ್ತು ತಂತ್ರಜ್ಞರ ಸಂಸ್ಥೆಗಳು ಕೂಡಿ ರೂಪಿಸಿದುದು 2003ರ ಸುಮಾರಿಗೆ. ಮೊದಲ ಪ್ರಮಾಣಪತ್ರಗಳು 2005ರಲ್ಲಿ ದೊರೆತವು. ಅದಕ್ಕೆ ಹೋಗುವವನು ಮೊದಲು ನೋಂದಾಯಿತ ತಂತ್ರಜ್ಞನಾಗಿ ಅನುಭವ ಪಡೆದಿರಬೇಕು. ಈಗ ಆ ಶಿಕ್ಷಣ ಸ್ನಾತಕೋತ್ತರ ಮಟ್ಟದ್ದು. ಎರಡು ವರ್ಷದ ಪದವಿ ಆ ಏಣಿಯ ಮೊದಲ ಮೆಟ್ಟಿಲು. ಆದರೆ ಅಲ್ಲಿಯೇ ನಿಂತು ಗೌರವದಿಂದ ಬಾಳುವವರೇ ಹೆಚ್ಚು ಮಂದಿ. ಕಾಲೇಜಿನ ಪ್ರಚಾರಪತ್ರದಲ್ಲಿ ‘ಸಹಾಯಕ’ ಎಂಬ ಶಬ್ದವನ್ನು ಕಂಡೊಡನೆ ಹಣ ಕಟ್ಟದೆ, ಈ ಪದವಿಯಿಂದ ಯಾವ ಪರೀಕ್ಷೆಗೆ ಅರ್ಹತೆ ಬರುವುದೆಂದು ಮೊದಲೇ ಕೇಳಿ ತಿಳಿಯುವುದು ಒಳಿತು.

ಏಣಿಯ ಮೇಲೆ ಏರಿದ ಸಹಾಯಕನು ಏನು ಮಾಡುವನು? ರೋಗಿಯನ್ನು ಪರಿಶೀಲಿಸುವನು, ಚಲಿಸುವ ಕ್ಷ-ಕಿರಣ ಚಿತ್ರದ ನೆರವಿನಿಂದ ನುಂಗುವಿಕೆಯಂಥ ಪರೀಕ್ಷೆಗಳನ್ನು ರೇಡಿಯಾಲಜಿಸ್ಟರ ಮೇಲ್ವಿಚಾರಣೆಯಲ್ಲಿ ನಡೆಸುವನು, ಚಿತ್ರದಲ್ಲಿ ತನಗೆ ಕಂಡುದನ್ನು ಅವರಿಗೆ ತಿಳಿಸುವನು. ಆದರೆ ಇದು ಇಂಥ ರೋಗವೆಂದು ನಿರ್ಣಯಿಸುವ ಅಧಿಕಾರ ಅವನಿಗಿಲ್ಲ. ಔಷಧವನ್ನು ಬರೆಯುವಂತಿಲ್ಲ. ವರದಿಯ ಕೆಳಗೆ ಬೀಳುವುದು ವೈದ್ಯರ ರುಜುವೇ.