ಹಳೆಯ ಕಾರಿನೊಳಗಿನ ಸದ್ದು: ಬೀಡಿಂಗ್ ಮೊದಲು, ಶೀಟು ಆಮೇಲೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಅದರ ಮೇಲಿನ ಡಾಂಬರು ರಸ್ತೆ ಏರುಪೇರಾಗುತ್ತದೆ. ಕಬ್ಬಿನ ಹಂಗಾಮಿನಲ್ಲಿ ಭಾರ ಹೊತ್ತ ಟ್ರ್ಯಾಕ್ಟರುಗಳು ಅದನ್ನು ಇನ್ನಷ್ಟು ಕೆಡಿಸುತ್ತವೆ. ಸಸ್ಪೆನ್ಶನ್ನಿನ ಬುಷ್‌ಗಳು, ಅಂದರೆ ಲೋಹದ ಭಾಗಗಳ ನಡುವೆ ಅದುರನ್ನು ತಡೆಯುವ ರಬ್ಬರ್ ಬಳೆಗಳು, ಸವೆದಿರುವ ಹಳೆಯ ಕಾರಿನಲ್ಲಿ ಟೈರಿನ ಕಂಪನವು ಹೆಚ್ಚು ತಡೆಯಿಲ್ಲದೆ ತಗಡಿಗೆ ತಲುಪಿ ಗುಂಯ್‌ಗುಡುವ ಸದ್ದಾಗುತ್ತದೆ. 1983ರಲ್ಲಿ ಬಂದ ಮಾರುತಿ 800ರಂಥ ಹಗುರ ಕಾರುಗಳಲ್ಲಿ ಇದು ಎದ್ದು ಕೇಳುತ್ತದೆ.

ಗಾಳಿಯ ಸದ್ದಿನ ದಾರಿ ಬೇರೆ: ಬಾಗಿಲಂಚಿನ ಬೀಡಿಂಗ್ ಎಂಬ ರಬ್ಬರ್ ಪಟ್ಟಿ ಬಿಸಿಲಿಗೆ ಗಟ್ಟಿಯಾದಾಗ ಆ ಸದ್ದು ಸಂದಿಯಿಂದ ನುಗ್ಗುತ್ತದೆ, ಮತ್ತು ವೇಗ ಇಮ್ಮಡಿಯಾದರೆ ಸುಮಾರು 15ರಿಂದ 18 ಡೆಸಿಬೆಲ್ ಏರುತ್ತದೆ. ಮುಚ್ಚಿದ ಬಾಗಿಲಿಗೆ ಸಿಕ್ಕಿಸಿದ ಕಾಗದದ ಪಟ್ಟಿ ಎಳೆದಾಗ ಸಲೀಸಾಗಿ ಹೊರಬಂದರೆ ಅಲ್ಲಿನ ಬೀಡಿಂಗ್ ಬದಲಿಸಬೇಕು. ಇದಕ್ಕೂ ಮುಂಚೆ ಕಂಪನ ತಗ್ಗಿಸುವ ದುಬಾರಿ ಶೀಟು ಅಂಟಿಸುವುದು ಶುದ್ಧ ಅಪವ್ಯಯ. ಬ್ಯೂಟೈಲ್ ರಬ್ಬರಿನ ಡ್ಯಾಂಪಿಂಗ್ ಶೀಟು ತಗಡಿನ ಕಂಪನವನ್ನು ಅತ್ಯಲ್ಪ ಶಾಖವಾಗಿ ಮಾರ್ಪಡಿಸುವುದರಿಂದ, ತಗಡಿನ ನಡುವಿನ ಕಾಲುಭಾಗಕ್ಕೆ ಅಂಟಿಸಿದರೂ ಬಹುಪಾಲು ಪ್ರಯೋಜನ ದೊರೆಯುತ್ತದೆ, ಆದರೆ ಬಾಗಿಲ ತಳದಲ್ಲಿ ಮಳೆನೀರು ಇಳಿಯಲೆಂದೇ ಬಿಟ್ಟಿರುವ ತೂತುಗಳನ್ನು ಅದರಿಂದ ಮುಚ್ಚಿದರೆ ಒಳಗೆ ನೀರು ನಿಂತು ತುಕ್ಕು ಹಿಡಿಯುತ್ತದೆ.