ಹಾಟ್ ಟಾಡಿ: ಚಳಿಗಾಲದ ಬಿಸಿ ವಿಸ್ಕಿ

ವಿಸ್ಕಿ, ಬಿಸಿನೀರು, ಜೇನುತುಪ್ಪ, ನಿಂಬೆರಸ ಈ ನಾಲ್ಕು ಸೇರಿದರೆ ಹಾಟ್ ಟಾಡಿ. ಲವಂಗ, ಚಕ್ಕೆ ಹಾಕಿಯೂ ಮಾಡುತ್ತಾರೆ, ಹಾಕದೆಯೂ ಮಾಡುತ್ತಾರೆ. ಸ್ಕಾಟ್ಲೆಂಡಿನಲ್ಲಿ ಬೆಳೆದು ಬಂದ ಪಾನೀಯ ಇದು. ಡಿಸೆಂಬರಿನಲ್ಲಿ ಎಡಿನ್‌ಬರೋ ನಗರದಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ, ಕಡಲ ಕಡೆಯ ಗಾಳಿ ತೇವ ಹೊತ್ತು ಬೀಸುತ್ತದೆ. ಅಂಥ ಸಂಜೆಗೆ ಹೇಳಿ ಮಾಡಿಸಿದ ಪಾನೀಯ. ಕಾಕ್‌ಟೇಲ್ ಎಂದೊಡನೆ ನೆನಪಾಗುವ ಶೇಕರ್, ಐಸ್, ಸಾಲು ಸಾಲು ಬಾಟಲಿಗಳ ಗೊಡವೆ ಇದಕ್ಕಿಲ್ಲ. ಒಲೆ, ಪಾತ್ರೆ, ದಪ್ಪ ಲೋಟ, ಚಮಚ ಇದ್ದರೆ ಕೆಲಸ ಆಯಿತು.

ಟಾಡಿ ಎಂದರೆ ನಮ್ಮಲ್ಲಿ ಹೆಂಡ. ಹೆಸರು ಹಿಂದಿಯ ‘ತಾಡಿ’ಯಿಂದ ಇಂಗ್ಲಿಷಿಗೆ ಹೋದದ್ದು ನಿಜ, ಲೋಟದಲ್ಲಿರುವುದಕ್ಕೆ ಮಾತ್ರ ಹೆಂಡದ ಸಂಬಂಧ ಇಲ್ಲ. ರಾಬರ್ಟ್ ಬೆಂಟ್ಲಿ ಟಾಡ್ ಎಂಬ ವೈದ್ಯರು ರೋಗಿಗಳಿಗೆ ಬಿಸಿ ಬ್ರಾಂದಿ ಬರೆದುಕೊಡುತ್ತಿದ್ದುದರಿಂದ ಈ ಹೆಸರು ಬಂತು ಎಂಬ ಕಥೆಯೂ ಓಡಾಡುತ್ತದೆ. ಅದು ನಿಲ್ಲುವುದಿಲ್ಲ. ಟಾಡ್ ಹುಟ್ಟಿದ್ದು 1809ರಲ್ಲಿ. ಕವಿ ರಾಬರ್ಟ್ ಬರ್ನ್ಸ್ 1786ರಲ್ಲಿ ಅಚ್ಚಾದ ‘ದಿ ಹೋಲಿ ಫೇರ್’ ಕವನದಲ್ಲೇ ಟಾಡಿಯನ್ನು ಹೆಸರಿಸಿದ್ದ. ಆ ಕಾಲದ ವಿಸ್ಕಿ ಈಗಿನಂತೆ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಾಗಿದ್ದಲ್ಲ. ಬಹುಪಾಲು ಕದ್ದು ಬಟ್ಟಿ ಇಳಿಸಿದ್ದು, ಗಂಟಲು ಸುಡುವಂಥದ್ದು. ಸಿಹಿ, ಹುಳಿ, ಬಿಸಿನೀರು ಬೆರೆತರೆ ಅದರ ಒರಟುತನ ಇಳಿಯುತ್ತಿತ್ತು.

ಉಳ್ಳವರ ಮನೆಗಳಲ್ಲಿ ಟಾಡಿಗೆಂದೇ ಸಾಮಾನುಗಳಿದ್ದವು. ದೊಡ್ಡ ಬೋಗುಣಿಯಿಂದ ಲೋಟಕ್ಕೆ ಬಡಿಸಲು ಪುಟ್ಟ ಬೆಳ್ಳಿಯ ಸೌಟು. ಅದಕ್ಕೆ ತಿಮಿಂಗಿಲದ ಬಾಯಿಯ ಬಲೀನ್ ಪಟ್ಟಿಯನ್ನು ತಿರುಚಿ ಮಾಡಿದ ತೆಳ್ಳನೆಯ ಹಿಡಿ. ಬೆಳ್ಳಿಯದೇ ಹಿಡಿಯಾಗಿದ್ದರೆ ಕೈ ಸುಡುತ್ತಿತ್ತು, ಬಲೀನಿನಲ್ಲಿ ಬಿಸಿ ಏರುವುದಿಲ್ಲ. ಗಾಜಿನ ಇನ್ನೊಂದು ಸಾಧನಕ್ಕೆ ಟಾಡಿ ಲಿಫ್ಟರ್ ಎಂದು ಹೆಸರು. ಉದ್ದ ಕತ್ತು, ಉಬ್ಬಿದ ಹೊಟ್ಟೆ, ತಳದಲ್ಲೊಂದು ತೂತು. ಬೋಗುಣಿಯಲ್ಲಿ ಮುಳುಗಿಸಿದರೆ ತಾನಾಗಿ ತುಂಬಿಕೊಳ್ಳುತ್ತದೆ. ಮೇಲಿನ ಬಾಯಿಗೆ ಹೆಬ್ಬೆರಳು ಒತ್ತಿ ಎತ್ತಿದರೆ ಒಂದು ಹನಿಯೂ ಸೋರದು, ಬೆರಳು ತೆಗೆದೊಡನೆ ಲೋಟಕ್ಕೆ ಇಳಿಯುತ್ತದೆ.

ಒಂದು ಲೋಟಕ್ಕೆ ಬೇಕಾಗುವ ಅಳತೆ: ವಿಸ್ಕಿ 45 ಮಿಲಿ, ಅಂದರೆ ಒಂದೂವರೆ ಸ್ಮಾಲ್ ಪೆಗ್, ನೀರು 150 ಮಿಲಿ, ಜೇನುತುಪ್ಪ ಎರಡು ಟೀ ಚಮಚ, ನಿಂಬೆರಸವೂ ಎರಡು ಟೀ ಚಮಚ. ಬೇಕಿದ್ದರೆ ಮೂರು ನಾಲ್ಕು ಲವಂಗ, ಬೆರಳುದ್ದದ ಚಕ್ಕೆ.

ಮೊದಲು ಲೋಟಕ್ಕೆ ಬಿಸಿನೀರು ಹಾಕಿ ಒಂದು ನಿಮಿಷ ಬಿಟ್ಟು ಚೆಲ್ಲಬೇಕು. ತಣ್ಣಗಿನ ಗಾಜು ಪಾನೀಯದ ಬಿಸಿಯನ್ನು ಹೀರಿಕೊಳ್ಳುತ್ತದೆ, ತೆಳುವಾಗಿದ್ದರೆ ಒಡೆಯಲೂಬಹುದು. ಆಮೇಲೆ ಜೇನು, ಲವಂಗ, ಚಕ್ಕೆ ಹಾಕಿ, ಕುದಿದು ಒಂದೆರಡು ನಿಮಿಷ ಆರಿದ ನೀರನ್ನು ಸುರಿದು ಕದಡಬೇಕು. ಜೇನು ಬಿಸಿನೀರಿನಲ್ಲಿ ಕೂಡಲೇ ಕರಗುತ್ತದೆ. ತಣ್ಣಗಿನ ವಿಸ್ಕಿಯಲ್ಲಿ ತಳದಲ್ಲೇ ಕೂತುಬಿಡುತ್ತದೆ. ತಟ್ಟೆ ಮುಚ್ಚಿ ಮೂರು ನಿಮಿಷ ಬಿಟ್ಟರೆ ಮಸಾಲೆಯ ಘಮ ನೀರಿಗಿಳಿಯುತ್ತದೆ. ವಿಸ್ಕಿ, ನಿಂಬೆರಸ ಸೇರಬೇಕಾದ್ದು ಕೊನೆಯಲ್ಲಿ. ನಿಂಬೆಯ ಬೀಜ ಬಿದ್ದರೆ ಕಹಿ, ಆದ್ದರಿಂದ ರಸವನ್ನು ಸೋಸಿಕೊಳ್ಳುವುದು ವಾಸಿ. ಸಿಪ್ಪೆಯ ಹಳದಿ ಪದರವನ್ನು ಮಾತ್ರ ತೆಳ್ಳಗೆ ಹೆರೆದು ಲೋಟದ ಮೇಲೆ ಹಿಂಡಿದರೆ ಅದರ ಎಣ್ಣೆಯ ಮಂಜಿನಂಥ ಹನಿಗಳು ಮೇಲೆ ಹರಡಿಕೊಳ್ಳುತ್ತವೆ. ಮೊದಲ ಗುಟುಕಿಗೆ ಮುಂಚೆ ಮೂಗಿಗೆ ಬಡಿಯುವುದು ಆ ಪರಿಮಳವೇ.

ವಿಸ್ಕಿಯನ್ನು ಕೊನೆಯಲ್ಲಿ ಹಾಕುವುದಕ್ಕೆ ಕಾರಣವಿದೆ. ಆಲ್ಕೋಹಾಲ್ 78 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ಕೊತಕೊತ ಕುದಿಯುವ ನೀರಿಗೆ ಸುರಿದರೆ ಆವಿ ಒಮ್ಮೆಲೇ ಎದ್ದು ಮೂಗು, ಗಂಟಲು ಚುರುಗುಟ್ಟಿ ಕೆಮ್ಮು ಬರುತ್ತದೆ. ವಿಸ್ಕಿಯ ನವಿರಾದ ಸುವಾಸನೆಯೂ ಹಾರಿಹೋಗುತ್ತದೆ. ವಿಸ್ಕಿಯನ್ನೇ ಪಾತ್ರೆಗೆ ಹಾಕಿ ಒಲೆಯ ಮೇಲಿಡುವುದಂತೂ ಅಪಾಯ, ಆವಿಗೆ ಬೆಂಕಿ ಹತ್ತಿಕೊಳ್ಳಬಹುದು. ಬಹಳ ಬಿಸಿಯಾಗಿ ಕುಡಿಯುವುದೂ ಸಲ್ಲದು. 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳ ಸೇವನೆ ಕ್ಯಾನ್ಸರ್‌ಗೆ ಕಾರಣವಾಗುವ ಸಂಭವವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಹೇಳಿದೆ. ತುಟಿಗೆ ಹಿತವಾಗುವಷ್ಟು ಆರಲಿ.

ದುಬಾರಿ ಸಿಂಗಲ್ ಮಾಲ್ಟ್ ಇದಕ್ಕೆ ಬೇಡ. ಜೇನು, ನಿಂಬೆಯ ನಡುವೆ ಅದರ ಸೂಕ್ಷ್ಮ ರುಚಿ ಅಡಗಿಹೋಗುತ್ತದೆ. ಸಾಧಾರಣ ಬ್ಲೆಂಡೆಡ್ ಸ್ಕಾಚ್ ಸಾಕು. ಐಲೇ ದ್ವೀಪದ ಹೊಗೆವಾಸನೆಯ ವಿಸ್ಕಿ ಬಿಸಿಯಲ್ಲಿ ಇನ್ನಷ್ಟು ಹೊಗೆಯಾಡುತ್ತದೆ. ಇಷ್ಟಪಡುವವರು ಇದ್ದಾರೆ, ಮೊದಲ ಸಲಕ್ಕೆ ಒಳ್ಳೆಯ ಆಯ್ಕೆಯಲ್ಲ. ಐರ್ಲೆಂಡಿನವರು ತಮ್ಮ ವಿಸ್ಕಿಯಿಂದಲೇ ಮಾಡಿ, ನಿಂಬೆಯ ಬಿಲ್ಲೆಗೆ ಲವಂಗ ಚುಚ್ಚಿ ತೇಲಿಬಿಡುತ್ತಾರೆ. ಲವಂಗ ಬಾಯಿಗೆ ಸಿಗುವುದಿಲ್ಲ, ಅಚ್ಚುಕಟ್ಟಾದ ಉಪಾಯ. ಭಾರತದಲ್ಲಿ ವಿಸ್ಕಿ ಎಂದು ಮಾರಾಟವಾಗುವ ಎಷ್ಟೋ ಬ್ರ್ಯಾಂಡುಗಳಲ್ಲಿ ಕಾಕಂಬಿಯಿಂದ ತಯಾರಾದ ಸ್ಪಿರಿಟ್ ಇರುತ್ತದೆ. ಅದರಿಂದ ಮಾಡಿದ ಟಾಡಿಯಲ್ಲಿ ಧಾನ್ಯದ ರುಚಿ ಸಿಗದು. ಬಾರ್ಲಿಯ ಮಾಲ್ಟ್ ವಿಸ್ಕಿ ಕರ್ನಾಟಕದಲ್ಲೂ ತಯಾರಾಗುತ್ತದೆ. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ಮೊದಲು ಮಾರುಕಟ್ಟೆಗೆ ಬಿಟ್ಟದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ.

ಟಾಡಿ ಕುಡಿದರೆ ಮೈ ಬೆಚ್ಚಗಾಗುತ್ತದೆ ಎಂಬುದು ಅರ್ಧ ನಿಜ. ಆಲ್ಕೋಹಾಲ್ ಚರ್ಮದಡಿಯ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಬಿಸಿ ರಕ್ತ ಚರ್ಮದ ಹತ್ತಿರ ಹರಿದು ಕೆನ್ನೆ, ಕಿವಿ ಕಾವೇರುತ್ತವೆ. ಆದರೆ ಆ ಶಾಖ ಮೈಯಿಂದ ಹೊರಗೆ ಹೋಗುತ್ತಿರುತ್ತದೆ, ದೇಹದ ಒಳಗಿನ ಉಷ್ಣತೆ ಕ್ರಮೇಣ ಇಳಿಯುತ್ತದೆ. ಆದ್ದರಿಂದ ಮನೆ ಸೇರಿ, ಬೆಚ್ಚಗೆ ಕೂತ ಮೇಲೆ ಕುಡಿಯುವ ಪಾನೀಯ ಇದು. ಕುಡಿದು ಚಳಿಯಲ್ಲಿ ಹೊರಡುವುದು, ಚಳಿಗೆ ಸೆಟೆದು ಬಂದವರಿಗೆ ಕುಡಿಸುವುದು ಎರಡೂ ತಪ್ಪು.

ನೆಗಡಿಗೆ ಟಾಡಿ ಮದ್ದು ಎಂಬ ನಂಬಿಕೆಯೂ ಹಳೆಯದು. ವೇಲ್ಸ್‌ನ ಕಾರ್ಡಿಫ್ ವಿಶ್ವವಿದ್ಯಾಲಯದ ನೆಗಡಿ ಸಂಶೋಧನಾ ಕೇಂದ್ರ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಿಸಿ ಹಣ್ಣಿನ ಪಾನೀಯ ಕುಡಿದವರಿಗೆ ಸೀನು, ಕೆಮ್ಮು, ಗಂಟಲುನೋವು, ದಣಿವು ಕಡಿಮೆಯಾದಂತೆ ಅನಿಸಿತ್ತು. ಅದರಲ್ಲಿ ಮದ್ಯ ಇರಲೇ ಇಲ್ಲ. ಟಾಡಿಯಿಂದ ಸಿಗುವ ಉಪಶಮನವೂ ಬಿಸಿನೀರು, ಜೇನು, ನಿಂಬೆಯದು. ವಿಸ್ಕಿ ರುಚಿಗೆ ಮಾತ್ರ. ಪ್ಯಾರಾಸಿಟಮಾಲ್ ಜೊತೆ ಮದ್ಯ ಸೇರಿದರೆ ಯಕೃತ್ತಿಗೆ ಹಾನಿಯಾಗುವ ಭಯವಿದೆ, ನೆಗಡಿಯ ಎಷ್ಟೋ ಮಾತ್ರೆಗಳು ತರುವ ಮಂಪರೂ ಮದ್ಯದಿಂದ ಹೆಚ್ಚುತ್ತದೆ. ಗರ್ಭಿಣಿಯರು, ಯಕೃತ್ತಿನ ತೊಂದರೆ ಇರುವವರು, ವಾಹನ ಓಡಿಸಬೇಕಾದವರು ಇದನ್ನು ಮುಟ್ಟಬಾರದು. ಅಂಥವರಿಗೆ ವಿಸ್ಕಿಯ ಬದಲು ಜಜ್ಜಿದ ಶುಂಠಿಯ ಕಷಾಯ ಬೆರೆಸಿದರಾಯಿತು. ಉಳಿದ ಅಳತೆ ಹಾಗೆಯೇ ಇರಲಿ. ನೆಗಡಿಯಾದ ಮಕ್ಕಳಿಗೆ ಒಂದೆರಡು ಹನಿ ಬ್ರಾಂದಿಯನ್ನೋ ವಿಸ್ಕಿಯನ್ನೋ ಕುಡಿಸುವ ರೂಢಿ ನಮ್ಮ ಕೆಲವು ಮನೆಗಳಲ್ಲಿ ಇನ್ನೂ ಉಳಿದಿದೆ. ಅದನ್ನು ದಯವಿಟ್ಟು ಬಿಡಬೇಕು. ಒಂದು ವರ್ಷ ತುಂಬಿದ ಮಗುವಿಗೆ ಬೆಚ್ಚನೆಯ ನೀರಿನಲ್ಲಿ ಕದಡಿದ ಅರ್ಧ ಚಮಚ ಜೇನು ಸಾಕು, ಅದಕ್ಕಿಂತ ಚಿಕ್ಕ ಮಗುವಿಗೆ ಜೇನೂ ಕೂಡದು.